ಸೊಸೆಗೆ ಮಾತ್ರ ಹೇಳುವ ದಾರಿ

ಪ್ರತಿ ವರ್ಷ ಮಳೆಗಾಲ ಹಿಡಿಯುವ ಮೊದಲು ತವರಿನಿಂದ ಶಿರಸಿಯ ನಮ್ಮ ಮನೆಗೆ ಒಂದು ಭರಣಿ ಉಪ್ಪಿನಕಾಯಿ ಬರುತ್ತದೆ. ಬಾಯಿಗೆ ಹಳೆಯ ಪಂಚೆಯ ತುಂಡು, ಅದರ ಮೇಲೆ ಬಾಳೆನಾರಿನ ಕಟ್ಟು, ಒಳಗೆ ತೊಟ್ಟು ಮುರಿಯದ ಎಳೆಯ ಅಪ್ಪೆಮಿಡಿ ಮಾವಿನಕಾಯಿಗಳು. ಬಂದ ಕೂಡಲೇ ನಾನು ಮಾಡುವ ಮೊದಲ ಕೆಲಸವೆಂದರೆ ಉದ್ದನೆಯ ಸೌಟನ್ನು ತಳದವರೆಗೆ ಇಳಿಸಿ ಅಲ್ಲಿಂದ ಒಂದು ಮಿಡಿಯನ್ನು ಎತ್ತಿ ನೋಡುವುದು. ಮೇಲೆ ಚೆಂದದವನ್ನು ಜೋಡಿಸಿ, ನೆಲಕ್ಕೆ ಬಿದ್ದು ಪೆಟ್ಟಾದವನ್ನು ಅಡಿಗೆ ಸೇರಿಸಿದ್ದಾಳೋ ಏನೋ ನಮ್ಮ ಅತ್ತಿಗೆ, ಎಂದು. ಇಷ್ಟು ವರ್ಷಗಳಲ್ಲಿ ಅಂಥದ್ದು ಒಂದೂ ಸಿಕ್ಕಿಲ್ಲ. ಸಿಕ್ಕಿಲ್ಲ ಎನ್ನುವುದೇ ನನಗೆ ಇನ್ನೊಂದು ಅನುಮಾನ. ಇಷ್ಟು ಒಳ್ಳೆಯ ಭರಣಿಯನ್ನು ನಾದಿನಿಗೆ ಕಳಿಸುತ್ತಾಳೆಂದರೆ ಮನಸ್ಸಿನಲ್ಲಿ ಏನಾದರೂ ಇರಲೇಬೇಕಲ್ಲ.

ನೀವು ನಗಬಹುದು, ನನ್ನ ಗಂಡನೂ ನಗುತ್ತಾರೆ. ಆದರೆ ಅನುಮಾನವನ್ನು ದುರ್ಗುಣಗಳ ಸಾಲಿಗೆ ಸೇರಿಸಿದವರು ಯಾರೂ ಕಾಡಿನ ಅಂಚಿನಲ್ಲಿ ಹುಟ್ಟಿದವರಲ್ಲ ಎಂದೇ ನನ್ನ ನಂಬಿಕೆ. ವಜ್ರಳ್ಳಿಯ ಆಚೆಗಿನ ನಮ್ಮೂರಿನಲ್ಲಿ ಅದು ಹಪ್ಪಳ ಲಟ್ಟಿಸಿದಷ್ಟೇ ಸಹಜವಾಗಿ ಕಲಿಯುವ ಮನೆಗೆಲಸ. ಹಳ್ಳದ ದಂಡೆಯಲ್ಲಿ ಎಲ್ಲೋ ಒಂದು ಒಳ್ಳೆಯ ಅಪ್ಪೆಮರವಿದೆಯೆಂದು ಸುದ್ದಿಯಾದರೆ ಸಾಕು, ಒಂದೊಂದೇ ಮಿಡಿ ಕೊಯ್ಯುವ ತಾಳ್ಮೆಯಿಲ್ಲದ ಯಾರೋ ಬಂದು ಕೊಂಬೆಗಳನ್ನೇ ಕಡಿದು ಗಾಡಿಗೆ ತುಂಬುತ್ತಾರೆ. ನಾಲ್ಕಾರು ವರ್ಷ ಹೀಗಾದರೆ ಮರ ಬೋಳಾಗಿ, ನಿಂತಲ್ಲೇ ಒಣಗಿ, ಕೊನೆಗೆ ಕಟ್ಟಿಗೆಯಾಗುತ್ತದೆ. ಹಾಗಾಗಿ ನಮ್ಮಲ್ಲಿ ಮರದ ಗುಣವನ್ನು ಹೊಗಳಬಹುದು, ಭರಣಿ ಬಿಚ್ಚಿ ಪರಿಮಳ ತೋರಿಸಿ ನೆಂಟರ ಹೊಟ್ಟೆ ಉರಿಸಬಹುದು, ಮರಕ್ಕೆ ಹೋಗುವ ದಾರಿಯನ್ನು ಮಾತ್ರ ಹೇಳಬಾರದು. ಕಸಿ ಕಟ್ಟಿ ಹಿತ್ತಿಲಲ್ಲೇ ಬೆಳೆಸಬಾರದೇ ಎಂದು ಕೇಳುವ ಜಾಣರೂ ಇದ್ದಾರೆ. ಕಟ್ಟಿದ್ದೆವು. ಗಿಡವೂ ಬಂತು, ಮಿಡಿಯೂ ಬಂತು, ಪರಿಮಳ ಮಾತ್ರ ಹಳ್ಳದ ದಂಡೆಯಲ್ಲೇ ಉಳಿದುಕೊಂಡಿತು.

ನಮ್ಮ ಮನೆಯ ಮರಕ್ಕಂತೂ ಇನ್ನೂ ಬಿಗಿಯಾದ ಕಟ್ಟಳೆ. ಅದರ ದಾರಿ ಅತ್ತೆಯಿಂದ ಸೊಸೆಗೆ ಮಾತ್ರ ಹೋಗಬೇಕು. ಗಂಡಸರಿಗೆ ಹೇಳುವಂತಿಲ್ಲ, ಅವರು ಸೊಸೈಟಿಯ ಕಟ್ಟೆಯ ಮೇಲೆ ಎಲೆಯಡಿಕೆಯ ಕವಳ ಹಾಕಿಕೊಂಡು ಕೂತಾಗ ಬಾಯಿ ಸಡಿಲ ಬಿಡುತ್ತಾರೆಂಬ ಗುಮಾನಿ. ಹೆಣ್ಣುಮಕ್ಕಳಿಗೂ ಹೇಳುವಂತಿಲ್ಲ, ಅವರು ನಾಳೆ ಇನ್ನೊಂದು ಮನೆಗೆ ಹೋಗುವವರು, ಹೋಗುವಾಗ ದಾರಿಯನ್ನೂ ಸೆರಗಿಗೆ ಗಂಟು ಹಾಕಿಕೊಂಡು ಹೋಗುತ್ತಾರೆಂಬ ಗುಮಾನಿ. ಅಮ್ಮನನ್ನು ನಾವು ಆಯಿ ಎಂದು ಕರೆಯುತ್ತಿದ್ದೆವು. ಆಯಿ ನನಗೆ ತಂಬುಳಿಯಿಂದ ಹಿಡಿದು ಹಸೆ ಬರೆಯುವವರೆಗೆ ಎಲ್ಲವನ್ನೂ ಕಲಿಸಿದಳು, ಆ ದಾರಿಯೊಂದನ್ನು ಬಿಟ್ಟು. ಸಿದ್ದಾಪುರದ ಕಡೆಯಿಂದ ಅಣ್ಣನ ಕೈಹಿಡಿದು ಬಂದ ಸಾವಿತ್ರಿ ಅತ್ತಿಗೆಗೆ, ನಮ್ಮ ಮನೆಯ ಪಾತ್ರೆಗಳ ಗುರುತೂ ಸರಿಯಾಗಿ ಸಿಗುವ ಮೊದಲೇ, ಬಂದ ವರ್ಷದ ಫಾಲ್ಗುಣದಲ್ಲೇ ಕರೆದುಕೊಂಡು ಹೋಗಿ ತೋರಿಸಿದಳು. ಅತ್ತೆ ಸೊಸೆ ಇಬ್ಬರೂ ಕಾಡಿನೊಳಗೆ ಕರಗಿಹೋಗುವುದನ್ನು ನಾನು ಜಗುಲಿಯಲ್ಲಿ ಕೂತು ನೋಡಿದೆ. ಅಂದು ನನಗೆ ಹೊಟ್ಟೆಕಿಚ್ಚಾಗಿತ್ತು, ಅದನ್ನು ಬೇರೆ ಹೆಸರಿನಿಂದ ಕರೆಯುವ ಅಗತ್ಯ ನನಗೆ ಕಾಣುವುದಿಲ್ಲ.

ಇಂಥ ಅತ್ತಿಗೆ ಈ ಫಾಲ್ಗುಣದಲ್ಲಿ ಫೋನು ಮಾಡಿ, "ಈ ಸಲ ಮಿಡಿ ಕೊಯ್ಯಲೆ ನೀನೂ ಬಾ, ಮರಕ್ಕೆ ಹೋಪನ," ಎಂದರೆ ನನಗೆ ಹೇಗಾಗಿರಬೇಡ ಹೇಳಿ. ಸಂತೋಷವಾಗಬೇಕಿತ್ತು. ಆದದ್ದು ಮಾತ್ರ ಅನುಮಾನ. ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಪಾಲುಂಟು ಎಂಬ ಕಾಯಿದೆ ಬಂದ ಮೇಲೆ ನಮ್ಮ ಕಡೆ ತವರಿನ ಕರೆ ಎಂದರೆ ಒಂದು ಬಗೆಯ ಪರೀಕ್ಷೆಯೇ ಆಗಿಬಿಟ್ಟಿದೆ. ಹೋಳಿಗೆಗೆ ತುಪ್ಪ ಸ್ವಲ್ಪ ಹೆಚ್ಚು ಬಿದ್ದರೂ, ಊಟವಾದ ಮೇಲೆ ಎಲ್ಲಿ ಪಾಲು ಬಿಟ್ಟೆನೆಂದು ಸಹಿ ಹಾಕು ಎನ್ನುತ್ತಾರೋ ಎಂದು ಕೈ ತಡೆಯುತ್ತದೆ. ನನ್ನ ಗೆಳತಿಯರು ಹಲವರು ಹಾಗೆ ಉಂಡು, ಹಾಗೆ ಸಹಿ ಹಾಕಿ ಬಂದಿದ್ದಾರೆ. ನಾನು ಪಾಲು ಕೇಳಿದವಳಲ್ಲ, ಕೇಳುವ ಮನಸ್ಸೂ ಇಲ್ಲ, ಆದರೆ ಮರವನ್ನು ತೋರಿಸಿ ಮನಸ್ಸನ್ನು ಮೆತ್ತಗೆ ಮಾಡಿ ಆಮೇಲೆ ಕಾಗದ ಮುಂದಿಡುವ ಉಪಾಯವಾದರೆ ಅದು ನನ್ನ ಮುಂದೆ ನಡೆಯದು ಎಂದುಕೊಂಡೇ ಬಸ್ಸು ಹತ್ತಿದೆ.

ಯಲ್ಲಾಪುರದಲ್ಲಿ ಬಸ್ಸು ಬದಲಿಸಿ ವಜ್ರಳ್ಳಿಯಲ್ಲಿ ಇಳಿದಾಗ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದವನು ಅತ್ತಿಗೆಯ ಒಬ್ಬನೇ ಮಗ ಶ್ರೀಪಾದ. ನಲವತ್ತರ ಹತ್ತಿರದ, ಮಾತು ಕಡಿಮೆಯ ಹುಡುಗ. ಹುಡುಗ ಎನ್ನುವುದು ಮದುವೆಯಾಗಿಲ್ಲವೆಂದು ಮಾತ್ರ. ಊರಲ್ಲೇ ಉಳಿದು ಜಮೀನು ನೋಡಿಕೊಂಡವರಿಗೆ ಹೆಣ್ಣು ಸಿಗದ ಕಾಲ ಇದು. ಇವನ ಜಾತಕ ಮೂರು ತಾಲೂಕು ಸುತ್ತಿ, ಘಟ್ಟ ಇಳಿದು, ಮತ್ತೆ ಹತ್ತಿ ಮನೆಗೆ ಬಂದಿದೆ. "ಆಯಿ ನಿಂಗೆ ಎಂತಕ್ಕೆ ಬಪ್ಪಲೆ ಹೇಳಿದ್ದು ಅತ್ತೆ?" ಎಂದು ಅವನೇ ನನ್ನನ್ನು ಕೇಳಿದ. ನಿಜವಾಗಿಯೂ ಗೊತ್ತಿಲ್ಲವೋ, ಗೊತ್ತಿಲ್ಲದವನ ಹಾಗೆ ಕೇಳುತ್ತಿದ್ದಾನೋ ಎಂದು ಬೈಕಿನ ಕನ್ನಡಿಯಲ್ಲಿ ಅವನ ಮುಖ ನೋಡಿದೆ; ಕನ್ನಡಿಯ ತುಂಬ ಕೆಂಪು ಧೂಳು.

ಮರುದಿನ ಬೆಳಿಗ್ಗೆ ಹೊರಟಾಗ ಅತ್ತಿಗೆ ನನ್ನ ಮೊಬೈಲನ್ನು ಇಸಿದುಕೊಂಡು ದೇವರ ಗೂಡಿನ ಪಕ್ಕ ಇಟ್ಟಳು. ಕಾಡಿನಲ್ಲಿ ತೆಗೆದ ಒಂದು ಫೋಟೋ ಯಾವುದೋ ಗುಂಪಿಗೆ ಹೋಗಿ, ಮರುದಿನವೇ ಮರದ ಬುಡಕ್ಕೆ ಗಾಡಿ ಬಂದದ್ದನ್ನು ಅವಳು ಕೇಳಿದ್ದಳಂತೆ. ಆಮೇಲೆ ಕೊಟ್ಟಿಗೆಯಿಂದ ಒಂದು ಹಗ್ಗ ತಂದು ನನ್ನ ಕೈಗೆ ಕೊಟ್ಟಳು. ಮಿಡಿಯ ಕಾಲದಲ್ಲಿ ಕಾಡಿಗೆ ಹೋಗುವವರು ಕೈಯಲ್ಲಿ ಹಗ್ಗ ಹಿಡಿದಿರಬೇಕು, ಯಾರಾದರೂ ಕೇಳಿದರೆ ತಪ್ಪಿಸಿಕೊಂಡ ಕಡಸನ್ನು ಹುಡುಕುತ್ತಿದ್ದೇವೆ ಎನ್ನಬೇಕು. ಸರಿಯಾಗಿ ಗದ್ದೆಯ ಅಂಚಿನಲ್ಲೇ ಕೆಳಮನೆಯ ಸುಬ್ರಾಯ ಭಾವ ಎದುರಾದ.

"ಎತ್ಲಾಗೆ ಹೊರಟಿದ್ದು?" ಎಂದ.

"ನಿನ್ನೆಯಿಂದ ಕಡಸು ಕಾಣ್ತಾ ಇಲ್ಲೆ ಭಾವ," ಎಂದಳು ಅತ್ತಿಗೆ, ಕಣ್ಣು ಮಿಟುಕಿಸದೆ.

"ಓಹೋ. ಯಂಗ್ಳ ಮನೆದೂ ಕಾಣ್ತಾ ಇಲ್ಲೆ," ಎಂದು ಅವನೂ ತನ್ನ ಕೈಯ ಹಗ್ಗ ತೋರಿಸಿದ. ಅವನ ಹೆಗಲಲ್ಲಿ ಖಾಲಿ ಚೀಲವಿತ್ತು, ನಮ್ಮ ಕಂಕುಳಲ್ಲೂ ಇತ್ತು. ಯಾರೂ ಚೀಲದ ಮಾತೆತ್ತಲಿಲ್ಲ. ಫಾಲ್ಗುಣದಲ್ಲಿ ನಮ್ಮೂರಿನಿಂದ ಕಳೆದುಹೋಗುವಷ್ಟು ಕಡಸುಗಳು ಊರಿನ ಕೊಟ್ಟಿಗೆಗಳಲ್ಲಿ ಇಲ್ಲವೇ ಇಲ್ಲ.

ಹೊರಗಿನವರಿಗೆ ನಮ್ಮ ಕಾಡು ಒಂದೇ ಹಸಿರಿನ ರಾಶಿಯಂತೆ ಕಾಣುತ್ತದೆ. ಊರಿಗೆ ತಾಗಿದ ಬೆಟ್ಟದಲ್ಲಿ ಮತ್ತಿ, ನಂದಿ, ಹೊನ್ನೆಗಳು ಆ ಹೊತ್ತಿಗೆ ಎಲೆ ಉದುರಿಸಿ ನಿಂತಿರುತ್ತವೆ, ಹೆಜ್ಜೆಯಿಟ್ಟರೆ ತರಗೆಲೆ ಸದ್ದು ಮಾಡಿ ನಾವು ಬಂದೆವೆಂದು ಎಲ್ಲರಿಗೂ ಹೇಳುತ್ತದೆ. ಹಳ್ಳದ ಕಡೆ ಇಳಿಯುತ್ತ ಹೋದ ಹಾಗೆ ನೆರಳು ದಟ್ಟವಾಗಿ, ನೆಲ ತಣ್ಣಗಾಗಿ, ಸದ್ದು ಸತ್ತುಹೋಗುತ್ತದೆ, ಅದು ಕಾನು. ಅಲ್ಲಿ ಮೇಲಿನಿಂದ ಯಾರೋ ನೋಡುತ್ತಿದ್ದಾರೆಂದು ಅನ್ನಿಸಿದರೆ ಅದು ಭ್ರಮೆಯಲ್ಲ, ಯಾವುದಾದರೂ ಕರಿಮೋರೆಯ ಮಂಗ, ನಮ್ಮ ಮುಸ್ಯ, ನಿಜವಾಗಿಯೂ ಕೊಂಬೆಯ ಮೇಲೆ ಕೂತು ನೋಡುತ್ತಿರುತ್ತದೆ. ಜಿಂಕೆ ನೀರಿಗೆ ಬಾಯಿ ಹಾಕುವ ಮೊದಲು ಮೂರು ದಿಕ್ಕು ನೋಡುತ್ತದೆ, ಮಂಗಟ್ಟೆ ಹಕ್ಕಿಯ ಹೆಣ್ಣು ಪೊಟರೆಯೊಳಗೆ ಮೊಟ್ಟೆಯಿಡಲು ಕೂತು ಅದರ ಬಾಯಿಯನ್ನೇ ಮೆತ್ತಿಕೊಂಡಿರುತ್ತದೆ. ಕಾಡಿನಲ್ಲಿ ಬದುಕಿ ಉಳಿದ ಪ್ರಾಣಿಗಳೆಲ್ಲ ನನ್ನ ಹಾಗೆ ಅನುಮಾನದ ಪ್ರಾಣಿಗಳೇ ಎಂದು ಯೋಚಿಸಿ ನನಗೆ ಸ್ವಲ್ಪ ಸಮಾಧಾನವೂ ಆಯಿತು.

ಅತ್ತಿಗೆ ಮುಂದೆ, ನಾನು ಹಿಂದೆ. ನೇರ ಹೋಗಬಹುದಾದಲ್ಲಿ ಅವಳು ಬಳಸಿ ಹೋಗುತ್ತಿದ್ದಾಳೆಂದು ಸ್ವಲ್ಪ ಹೊತ್ತಿಗೇ ನನಗೆ ಅನ್ನಿಸತೊಡಗಿತು. ಒಂದು ಹುತ್ತವನ್ನು ನಾವು ಎರಡು ಸಲ ದಾಟಿದೆವೋ, ಅಥವಾ ಹುತ್ತಗಳೇ ಎರಡೋ? ದಾರಿ ನೆನಪಿರಬಾರದೆಂದೇ ನನ್ನನ್ನು ಸುತ್ತಿಸುತ್ತಿದ್ದಾಳೆ ಎಂಬ ಯೋಚನೆ ಒಮ್ಮೆ ತಲೆಗೆ ಹೊಕ್ಕಮೇಲೆ ಅವಳು ಮಾಡಿದ್ದೆಲ್ಲ ಅದಕ್ಕೇ ಹೊಂದುತ್ತ ಹೋಯಿತು. ಅಲ್ಲಲ್ಲಿ ನಿಂತು, ಯಾವುದಾದರೂ ಮರಕ್ಕೆ ಕೈಯೂರಿ, ನನ್ನ ಕಡೆ ತಿರುಗಿ ಸುಮ್ಮನೆ ನೋಡುತ್ತಿದ್ದಳು. ಮೊಣಕಾಲಿನ ನೋವೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವಳ ಬೆನ್ನನ್ನು, ಸೆರಗನ್ನು, ಅವಳು ತಿರುಗಿದಾಗ ಮುಖವನ್ನು ಎವೆಯಿಕ್ಕದೆ ನೋಡುತ್ತ ನಡೆದೆ, ಸಹಿಯ ಮಾತು ಎಲ್ಲಿ ಬರಬಹುದೆಂದು ಲೆಕ್ಕ ಹಾಕುತ್ತ.

ಮರ ಸಿಕ್ಕಿತು. ಹಳ್ಳದ ತಗ್ಗಿನಲ್ಲಿ ಬುಡ, ಮೇಲಿನ ದಂಡೆಯ ಮಟ್ಟಕ್ಕೆ ಕೊಂಬೆಗಳು. ದಂಡೆಯ ಮೇಲೆ ನಿಂತು, ಅಲ್ಲೇ ಪೊದೆಯಲ್ಲಿ ಅಡಗಿಸಿಟ್ಟ ಬಲೆ ಕಟ್ಟಿದ ಕೊಕ್ಕೆಯಿಂದ ಹೆಂಗಸರೂ ಕೊಯ್ಯಬಹುದು. ಯಾರೋ ನಮಗಾಗಿಯೇ ಯೋಚಿಸಿ ನೆಟ್ಟ ಹಾಗಿತ್ತು. ಒಂದರ ತೊಟ್ಟು ಮುರಿದಾಗ ಚಿಮ್ಮಿದ ಸೊನೆಯ ವಾಸನೆ ಮೂಗಿಗೆ ಬಡಿದ ಕ್ಷಣ ನನಗೆ ಆಯಿಯ ಕೈ ನೆನಪಾಗಿ ಕಣ್ಣು ತುಂಬಿತು. ಅತ್ತಿಗೆ ಕೆಳಗಿನ ಕೊಂಬೆಗಳಿಂದ ಬೇಕಾದಷ್ಟೇ ಕೊಯ್ದು, ಮೇಲಿನವನ್ನು ಮುಸ್ಯಗಳಿಗೆಂದು ಬಿಟ್ಟು, ದಂಡೆಗೆ ಹಬ್ಬಿದ ಒಂದು ಬೇರಿನ ಮೇಲೆ ಕಾಲು ಚಾಚಿ ಕೂತಳು. ಅಷ್ಟು ಹೊತ್ತು ತಡೆದುಕೊಂಡದ್ದು ನನ್ನ ಬಾಯಿಂದ ಹೊರಬಿತ್ತು.

"ಅತ್ಗೆ, ಎಂತಕ್ಕೆ ಕರಕಂಡು ಬಂದೆ ಹೇಳಿ ಸೀದಾ ಹೇಳು. ಸಹಿ ಬೇಕಾಗಿತ್ತಾ?"

ಅವಳು ನನ್ನನ್ನೇ ನೋಡಿದಳು. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. "ಎಂತ ಸಹಿಯೇ ಮಾರಾಯ್ತಿ?" ಎಂದಳು. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆದ ಮೇಲೆ, "ಪಾಲು ಬೇಕಾದ್ರೆ ನಿನ್ನ ಅಣ್ಣನ ಹತ್ರ ಕೇಳು, ಕೊಡ್ತ. ಯಂಗೆ ಇದೊಂದೇ ಇಪ್ಪದು, ಇದನ್ನ ನಿಂಗೆ ಕೊಡಲೆ ಕರಕಂಡು ಬಂದೆ," ಎಂದು ಮರದ ಕಡೆ ಕೈ ಮಾಡಿದಳು. "ಮೊಣಕಾಲು ಪೂರಾ ಹೋಯ್ದು. ಬಪ್ಪ ವರ್ಷ ಇಲ್ಲಿವರೆಗೆ ಬಪ್ಪಲೆ ಆಗ್ತಿಲ್ಲೆ. ಈಗ ನೀ ಮುಂದೆ ನಡೆ, ದಾರಿ ನೆನಪಿದ್ದಾ ನೋಡನ."

ನಾನು ಮುಂದೆ ನಡೆದೆ. ಮೊದಲ ತಿರುವಿನಲ್ಲೇ ನಿಂತೆ. ಎಡಕ್ಕೂ ಅದೇ ನೆರಳು, ಬಲಕ್ಕೂ ಅದೇ ನೆರಳು. ಬರುವಾಗ ನಾನು ನೋಡಿದ್ದೆಲ್ಲ ಅತ್ತಿಗೆಯನ್ನು. ಕಾಡನ್ನು ನೋಡಿಯೇ ಇರಲಿಲ್ಲ. ಅವಳ ಸೀರೆಯ ಅಂಚಿನ ಬಣ್ಣ ಕೇಳಿದ್ದರೆ ಹೇಳುತ್ತಿದ್ದೆ. ಚಿಕ್ಕಂದಿನಿಂದ ಯಾವ ದಾರಿಗೆಂದು ಉರಿದುಕೊಂಡಿದ್ದೆನೋ ಆ ದಾರಿಯಲ್ಲೇ ನಡೆದುಬಂದು, ಅದನ್ನು ಕಾಣದೆ ಬಂದಿದ್ದೆ.

"ತಿರುವಿನಲ್ಲೆಲ್ಲ ನಿತ್ಕಂಡು ಮರ ಮುಟ್ಟಿ ನಿನ್ನ ಮುಖ ನೋಡಿದ್ದು ಎಂತಕ್ಕೆ ಹೇಳಿ ಮಾಡಿದ್ದೆ?" ಎಂದಳು ಅತ್ತಿಗೆ. "ನಿನ್ನ ಆಯಿ ಯಂಗೆ ಹಾಂಗೇ ತೋರ್ಸಿದ್ದು. ಬಾಯಿ ಬಿಟ್ಟು ಹೇಳಲಾಗ, ಗಾಳಿಯೂ ಕೇಳ್ತು, ಹೇಳಿದ್ದು."

ಅವಮಾನ, ದುಃಖ, ಅವಳ ಮೇಲೆ ಅಕ್ಕರೆ ಎಲ್ಲ ಒಟ್ಟಿಗೇ ನುಗ್ಗಿ ಬಂದಾಗ ಮನುಷ್ಯರು ಬುದ್ಧಿ ಹೇಳಲು ಶುರುಮಾಡುತ್ತಾರೆ. ನಾನೂ ಅದನ್ನೇ ಮಾಡಿದೆ. ಐವತ್ತು ದಾಟಿದ ನನ್ನ ತಲೆಯಲ್ಲಿ ಇದು ಎಷ್ಟು ದಿನ ಉಳಿದೀತು, ಶಿರಸಿಯಿಂದ ನಾನು ಎಷ್ಟು ಸಲ ಬಂದೇನು, ಈ ಸೊಸೆಯ ಕಟ್ಟಳೆ ಸಾಕು ಎಂದೆ. "ಶ್ರೀಪಾದಂಗೇ ತೋರ್ಸು ಅತ್ಗೆ. ಅಂವ ಯಾರ ಹತ್ರನೂ ಬಾಯಿ ಬಿಡಂವ ಅಲ್ಲ." ಇಡೀ ಜನ್ಮದಲ್ಲಿ ನಾನು ಒಬ್ಬರ ಪರವಾಗಿ ಇಷ್ಟು ಖಾತ್ರಿಯಿಂದ ಮಾತಾಡಿದ್ದು ಅದೇ ಮೊದಲು.

ಅತ್ತಿಗೆ ಕಂಕುಳ ಚೀಲವನ್ನು ಇನ್ನೊಂದು ಬದಿಗೆ ಬದಲಿಸಿದಳು. "ಅದು ಗೊತ್ತಿದ್ದೇ," ಎಂದಳು. "ಆದ್ರೆ ಈ ದಾರಿ ಸೊಸೆಗೆ ಮಾತ್ರ ಹೇಳಿ ಅಂವಂಗೆ ಸಣ್ಣಿಪ್ಪಾಗಿಂದ ಗೊತ್ತಿದ್ದು. ಇವತ್ತು ಆನು ಅಂವನ್ನ ಇಲ್ಲಿಗೆ ಕರಕಂಡು ಬಂದ್ರೆ, ಇನ್ನು ಸೊಸೆ ಬತ್ತಿಲ್ಲೆ ಹೇಳಿ ತನ್ನ ಆಯಿಯೇ ಆಸೆ ಬಿಟ್ಟತು ಹೇಳಿ ಅಂವಂಗೆ ಗೊತ್ತಾಗೋಗ್ತು."

ಹಳ್ಳದ ನೀರು ಕಲ್ಲಿನ ಸಂದಿಯಲ್ಲಿ ಸಣ್ಣಗೆ ಸದ್ದು ಮಾಡುತ್ತಿತ್ತು.

"ನೀ ಇಟ್ಕ," ಎಂದಳು. "ಸೊಸೆ ಬಂದ ಮೇಲೆ ತೋರ್ಸು. ಬತ್ತು ಅಲ್ದಾ?"

ಸ್ನೇಹಿತರೇ, ಮಿಡಿಯನ್ನೂ ಅತ್ತಿಗೆಯನ್ನೂ ತವರಿನ ಕರೆಯನ್ನೂ ತಳದವರೆಗೆ ಕೆದಕಿ ನೋಡಿದವಳು ನಾನು. ಈ ಒಂದು ಪ್ರಶ್ನೆಯನ್ನು ಕೆದಕುವುದು ಎಷ್ಟು ಸುಲಭವಿತ್ತೆಂದರೆ ಅದಕ್ಕೆ ಅನುಮಾನದ ಅಭ್ಯಾಸವೂ ಬೇಕಿರಲಿಲ್ಲ. ವಾಪಸು ಬಂದ ಜಾತಕಗಳೇ ಸಾಕಿದ್ದವು. ಅವಳಿಗೂ ಅದೆಲ್ಲ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಬತ್ತು ಅತ್ಗೆ, ಬಪ್ಪದೇಯ," ಎಂದೆ.

ಅವಳನ್ನು ಅಲ್ಲೇ ಒಂದು ಕಲ್ಲಿನ ಮೇಲೆ ಕೂರಿಸಿದೆ. ಅವಳು ಕೂತಲ್ಲಿಂದಲೇ ಒಂದೊಂದು ತಿರುವಿಗೂ ಇಂಥ ಮರ, ಇಂಥ ಗುರುತು ಎಂದು, ಗಾಳಿಗೂ ಕೇಳಿಸಲೆಂಬಂತೆ ಬಾಯಿಬಿಟ್ಟೇ ಹೇಳಿದಳು. ಮರದವರೆಗೆ ಹೋಗಿ ಮುಟ್ಟಿ, ಅಲ್ಲಿಂದ ಗದ್ದೆಯ ಅಂಚಿನವರೆಗೂ ನಡೆದು, ಮತ್ತೆ ನಿನ್ನನ್ನು ಕರೆದೊಯ್ಯಲು ಬರುತ್ತೇನೆಂದು ಹೇಳಿ ನಾನೊಬ್ಬಳೇ ಹೊರಟೆ. ಬಾಗಿದ ನಂದಿಯನ್ನು ಮುಟ್ಟಿದೆ, ಸಿಡಿಲು ಬಡಿದ ಮತ್ತಿಯನ್ನು ಮುಟ್ಟಿದೆ, ಹುತ್ತಗಳು ನಿಜಕ್ಕೂ ಎರಡಿದ್ದವು, ಎರಡನ್ನೂ ನೋಡಿದೆ. ನನ್ನ ಬೆನ್ನನ್ನೇ ನೋಡುತ್ತ, ನನ್ನನ್ನು ಅನುಮಾನಿಸುತ್ತ ಸೊಸೆಯೊಬ್ಬಳು ಹಿಂದೆ ಬರುತ್ತಿದ್ದಾಳೆ ಎಂದುಕೊಂಡು, ಪ್ರತಿ ತಿರುವಿನಲ್ಲೂ ಮರಕ್ಕೆ ಕೈಯೂರಿ, ತಿರುಗಿ, ಅವಳು ಸರಿಯಾಗಿ ನೋಡಿಕೊಳ್ಳುವಷ್ಟು ಹೊತ್ತು ನಿಂತೆ.