ಕಟ್ಟಿಗಿಯ ಅಂಗೈ

ದೆವ್ವ, ಪವಾಡ ಅಂದರೆ ನಗುತ್ತಿದ್ದವರಲ್ಲಿ ನಾನೇ ಮೊದಲಿಗ. ಯಾರಾದರೂ ಅಂಥ ಮಾತು ತೆಗೆದರೆ ಎದ್ದು ಹೋಗುತ್ತಿದ್ದೆ. ಈಗ ನೀವು ಎದ್ದು ಹೋದರೂ ನನಗೇನೂ ಬೇಜಾರಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಖಾನಾಪುರದ ಹೆಂಚಿನ ಕಾರ್ಖಾನೆಯೊಂದರಲ್ಲಿ ನನ್ನ ಎಡಗೈ ಅಚ್ಚಿನ ಯಂತ್ರಕ್ಕೆ ಸಿಕ್ಕಿತ್ತು. ಆಸ್ಪತ್ರೆಯಲ್ಲಿ ಮಣಿಕಟ್ಟಿನವರೆಗೆ ಕತ್ತರಿಸಿದರು. ಕೈ ಹೋಯಿತು, ನೋವು ಹೋಗಲಿಲ್ಲ. ಇಲ್ಲದ ಆ ಕೈ ಮುಷ್ಟಿ ಬಿಗಿದುಕೊಂಡು ಇನ್ನೂ ಯಂತ್ರದೊಳಗೇ ಇದ್ದಂತೆ ಹಗಲೂ ರಾತ್ರಿ ಹಿಂಡುತ್ತಿತ್ತು. ಬಿಚ್ಚೋಣವೆಂದರೆ ಬೆರಳೆಲ್ಲಿ?

ಬೆಳಗಾವಿಯ ಕ್ಯಾಂಪ್ ಪ್ರದೇಶದ ಒಬ್ಬ ಮುದುಕ ಮೇಸ್ತ್ರಿ ಕಟ್ಟಿಗಿ ಕೈ ಮಾಡಿಕೊಟ್ಟ. ಹೆಗಲ ಪಟ್ಟಿಯಿಂದ ಅದಕ್ಕೊಂದು ತಂತಿ. ಹೆಗಲು ಮುಂದೆ ತಂದರೆ ಬೆರಳು ತೆರೆಯುತ್ತಿದ್ದವು, ಸಡಿಲ ಬಿಟ್ಟರೆ ಸ್ಪ್ರಿಂಗಿನಿಂದ ಮುಚ್ಚುತ್ತಿದ್ದವು. ಹಿಡಿದದ್ದು ಬಿಸಿಯೋ ತಂಪೋ, ಕಟ್ಟಿಗಿಗೇನು ಗೊತ್ತು.

ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡುತ್ತೇವೆ. ಅದು ಮುಗಿಯುವ ತನಕ ನೀರೂ ಮುಟ್ಟುವುದಿಲ್ಲ. ಕೈ ಹೋದಾಗಿನಿಂದ ಲಿಂಗವನ್ನು ಬಟ್ಟಲಲ್ಲಿಟ್ಟು ಪೂಜಿಸುತ್ತಿದ್ದೆ. ಮನಸ್ಸು ಒಪ್ಪುತ್ತಿರಲಿಲ್ಲ. ಬೆಳಗಾವಿಯ ಶಿವಬಸವ ನಗರದ ನಮ್ಮ ಮನೆಯಲ್ಲಿ ಒಂದು ಬೆಳಿಗ್ಗೆ, ಲಿಂಗವನ್ನು ಕಟ್ಟಿಗಿ ಕೈಯಲ್ಲೇ ಇಟ್ಟುಕೊಳ್ಳುತ್ತೇನೆಂದು ಹಟ ಹಿಡಿದೆ.

"ಕಟ್ಟಿಗಿ ಮ್ಯಾಲ ಬ್ಯಾಡ್ರಿ," ಅಂದಳು ನನ್ನ ಹೆಂಡತಿ ನೀಲವ್ವ. ನಾನೋ, ಹೇಳಿದ ಮಾತು ಕೇಳುವ ಗಿರಾಕಿಯಲ್ಲ. ಬೆರಳು ತೆರೆದು, ತೊಳೆದ ಲಿಂಗವನ್ನು ಇಟ್ಟುಕೊಂಡೆ. ಟಕ್ ಅಂತ ಬೆರಳು ಮುಚ್ಚಿದವು.

ಹೆಗಲು ಎಷ್ಟು ಎಳೆದರೂ ತೆರೆಯಲಿಲ್ಲ. ಬಲಗೈಯಿಂದ ಕಿತ್ತರೂ ಆಗಲಿಲ್ಲ. ಕೊಯ್ಯಬೇಕೆಂದರೆ ಗರಗಸ ಲಿಂಗಕ್ಕೇ ತಾಗೀತು. ಬಾಜೂ ಮನೆಯವರು ಮೇಸ್ತ್ರಿಯನ್ನು ಕರೆಯಲು ಕ್ಯಾಂಪಿಗೆ ಹೋದರು. ನಾನು ಹಾಗೇ ಕುಳಿತೆ, ಏಳುವಂತಿಲ್ಲ, ಉಣ್ಣುವಂತಿಲ್ಲ. ಆಗ ತಣ್ಣಗಾಯಿತು. ಎಲ್ಲಿ ಅಂತೀರಿ? ಅಂಗೈಯಲ್ಲಿ. ಆ ಕಟ್ಟಿಗಿಯ ಅಂಗೈಯಲ್ಲಿ. ಹಿಂದೆಯೇ ಹಳೆಯ ಯಂತ್ರ ಇನ್ನೂ ಜೋರಾಗಿ ಹಿಂಡತೊಡಗಿತು. ಖರೇ ಹೇಳುತ್ತೇನೆ, ಭಯವಾಯಿತು. ಕಣ್ಣು ಮುಚ್ಚಿದೆ.

ಮಧ್ಯಾಹ್ನದ ಹೊತ್ತಿಗೆ, "ಕಿರುಬೆರಳು ಬಿಡು ನೀಲಾ, ನೋಯಾಕತ್ತೈತಿ," ಅಂದೆ.

ಕಣ್ಣು ತೆರೆದರೆ, ಅವಳು ಕಟ್ಟಿಗಿಯ ಕಿರುಬೆರಳು ಹಿಡಿದುಕೊಂಡು ಅಳುತ್ತಿದ್ದಳು.

"ನಿಮಗ ಹೆಂಗ ಗೊತ್ತಾತ್ರಿ?"

ಅವಳು ಕೈಬಿಟ್ಟಳು. ಬೆರಳು ನಿಧಾನವಾಗಿ ತೆರೆದವು. ಅದರೊಂದಿಗೆ ಯಂತ್ರದೊಳಗಿನ ಮುಷ್ಟಿಯೂ ಬಿಚ್ಚಿತು. ನಾನೂ ಅತ್ತೆ.

ಸಂಜೆ ಬಂದ ಮೇಸ್ತ್ರಿ ಪಟ್ಟಿ ಬಿಚ್ಚಿ ನೋಡಿ, "ತಂತಿ ಹರದೈತಲ್ರಿ. ಬೆರಳು ತಗದವ್ರ್ಯಾರು?" ಅಂದ.

ಹೊಸ ತಂತಿ ಹಾಕಿಸಿ ಎಷ್ಟೋ ವರ್ಷವಾಯಿತು. ಆ ಮುಷ್ಟಿ ಮತ್ತೆ ಬಿಗಿಯಲಿಲ್ಲ. ಆ ತಂಪೂ ಮತ್ತೆ ಬರಲಿಲ್ಲ. ಯಾಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ದಿನಾ ಬೆಳಿಗ್ಗೆ ಲಿಂಗವನ್ನು ಆ ಕಟ್ಟಿಗಿಯ ಮೇಲೇ ಇಟ್ಟುಕೊಂಡು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕಾಯುತ್ತೇನೆ.