ಗೋಣಿಚೀಲದ ಮೇಲೆ ಕೂತ ಕಾಕು

ಕಳೆದ ವಾರ ಪುಣೆಯ ಕೊಂಢವಾದಲ್ಲಿ ಗುಜರಿ ಅಂಗಡಿಯ ಮುಂದೆ ಹಳೆಯ ಡಬ್ಬಾ ಟಿ.ವಿ.ಯೊಂದು ಬಿದ್ದಿತ್ತು. ಯಾರೋ ಭಕ್ತಿಯಿಂದ ಹಚ್ಚಿದ ಕುಂಕುಮದ ಕಲೆ ಅದರ ನೆತ್ತಿಯ ಮೇಲೆ ಹಾಗೇ ಇತ್ತು. ನೋಡಿದ್ದೇ ತಡ, ಕಾಕು ನೆನಪಾದರು... ರಸ್ತೆಯಲ್ಲಿ ನಿಂತು ಒಬ್ಬಳೇ ನಕ್ಕೆ.

ತೊಂಬತ್ತರ ದಶಕದ ಮಾತು. ನಾವೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಅವರು ನಮ್ಮ ಎದುರಿನ ಕಟ್ಟಡದ ನೆಲಮಹಡಿಯಲ್ಲಿದ್ದರು. ವಿಜಾಪುರದ ಕಡೆಯವರು, ಯಜಮಾನರದು ಬಟ್ಟೆ ವ್ಯಾಪಾರ. ನಾವು ಯಾದಗಿರಿಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ವಾಸ ತಗಡಿನ ಶೆಡ್ಡಿನಲ್ಲಿ. ನನಗಾಗ ಎಂಟೋ ಒಂಬತ್ತೋ... ಭಾನುವಾರ ಟಿ.ವಿ.ಗೆ ಕುಂಕುಮ ಹಚ್ಚಿ ಕಾಕು ಧಾರಾವಾಹಿ ನೋಡಲು ಕೂತರೆ, ಶೆಡ್ಡಿನ ಮಕ್ಕಳು ನಾವು ಕಿಟಕಿಯ ಸರಳು ಹಿಡಿದು ಹೊರಗೆ ನಿಲ್ಲುತ್ತಿದ್ದೆವು. ಒಳಗೆ ಅವರ ಅತ್ತೆಯ ಮಡಿ. ನಮ್ಮಂಥವರು ಹೊಸ್ತಿಲು ದಾಟುವಂತಿರಲಿಲ್ಲ.

ಧಾರಾವಾಹಿಯ ಕಥೆ ಅಮೆರಿಕದ್ದು, ಮಾತು ಹಿಂದಿ. ಬಿಳಿಯರ ಮಕ್ಕಳಷ್ಟೇ ಓದುವ ಶಾಲೆಗೆ ಒಬ್ಬ ಕಪ್ಪು ಹುಡುಗಿ ಸೇರುತ್ತಾಳೆ. ಯಾರೂ ಅವಳ ಪಕ್ಕ ಕೂಡುವುದಿಲ್ಲ. ನಮಗೆ ಹಿಂದಿ ಬಾರದೆಂದು ಕಾಕು ಕಿಟಕಿಯ ಕಡೆ ತಿರುಗಿ ಕನ್ನಡದಲ್ಲಿ ಹೇಳುತ್ತಿದ್ದರು. ತಮಗೇ ತಿಳಿಯದ್ದನ್ನು ಸ್ವಂತ ಕಟ್ಟಿ ಸೇರಿಸುತ್ತಿದ್ದರು. ಆ ಹುಡುಗಿಯ ಬುತ್ತಿಯಲ್ಲಿ ದಿನಾ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ ಇರುತ್ತಿತ್ತೆಂದು ನಾನು ಕಾಲೇಜಿಗೆ ಹೋಗುವವರೆಗೂ ನಂಬಿದ್ದೆ! ಜನ ಅವಳನ್ನು ಬೈದಾಗ ಕಾಕು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಟಿ.ವಿ.ಗೇ ಬೈದರು.

"ನಿಮ್ಮ ಬಾಯಾಗ ಮಣ್ಣ ಬೀಳಲಿ! ಕೂಸು ಸಾಲಿಗೆ ಹೋದ್ರ ನಿಮಗೇನ್ರೋ ತ್ರಾಸು?"

ನನಗೂ ಶಾಲೆಯ ಹುಚ್ಚು ಹಿಡಿಯಿತು. ಅಪ್ಪನಿಗೆ ಮರಾಠಿ ಬಾರದು, ಕಾಕುವೇ ಹತ್ತಿರದ ಮರಾಠಿ ಶಾಲೆಗೆ ಸೇರಿಸಿ ಬಂದರು. ಹೋದದ್ದು ಮೂರೇ ದಿನ. ಎಲ್ಲರಿಗೂ ಬೆಂಚು, ಶೆಡ್ಡಿನವಳೆಂದು ನನಗೊಬ್ಬಳಿಗೆ ಹಿಂದೆ, ನೆಲದ ಮೇಲೆ ಗೋಣಿಚೀಲ. ನಾಲ್ಕನೆಯ ದಿನ ಒಲ್ಲೆ ಎಂದು ಹಟ ಹಿಡಿದೆ. ಅಪ್ಪನೂ, "ಬಿಡು, ತಮ್ಮನ್ನ ನೋಡ್ಕೊಂಡು ಮನ್ಯಾಗ ಇರು" ಎಂದ. ನನ್ನ ಓದು ಅಲ್ಲಿಗೇ ಮುಗಿಯುವುದರಲ್ಲಿತ್ತು.

ಸುದ್ದಿ ತಿಳಿದ ಕಾಕು ನನ್ನ ಕೈ ಹಿಡಿದು ಸೀದಾ ತರಗತಿಗೆ ನುಗ್ಗಿದರು. ಇಳಕಲ್ ಸೀರೆಯಲ್ಲೇ ಆ ಗೋಣಿಚೀಲದ ಮೇಲೆ ನನ್ನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತರು. ಟೀಚರ್ ಕಂಗಾಲಾಗಿ, "ಕಾಕೂ, ಉಠಾ ನಾ!" ಎಂದು ಎಬ್ಬಿಸಲು ಬಂದರು.

"ಏಳಂಗಿಲ್ರಿ," ಕಾಕು ಸಿಟ್ಟಿನಲ್ಲಿ ಮರಾಠಿ ಮರೆತು ಕನ್ನಡದಲ್ಲೇ ಗುಡುಗಿದರು. "ಈಕಿಗೆ ಬೆಂಚ್ ಕೊಡೂತನಕಾ ನಾನೂ ಇಲ್ಲೇ ಸಾಲಿ ಕಲೀತೀನಿ!"

ಎರಡು ಪಾಠ ಹಾಗೇ ನಡೆದವು. ಮಕ್ಕಳು ಮರಾಠಿಯಲ್ಲಿ ಮಗ್ಗಿ ಹೇಳಿದರೆ ಕಾಕು ಎಲ್ಲರಿಗಿಂತ ಜೋರಾಗಿ ಕನ್ನಡದಲ್ಲಿ ಹೇಳಿದರು. ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು. ಕೊನೆಗೆ ಟೀಚರೂ ನಗು ತಡೆಯಲಾರದೆ ಎರಡನೆಯ ಬೆಂಚಿನಲ್ಲಿ ನನಗೆ ಜಾಗ ಮಾಡಿಸಿದರು. ಆ ಬೆಂಚಿನ ಮೇಲೆ ಕಾಲು ಅಲ್ಲಾಡಿಸುತ್ತಾ ಕೂತ ಖುಷಿ ಈಗಲೂ ನನ್ನ ಮೈಯಲ್ಲಿದೆ.

ಶಾಲೆ ಬಿಟ್ಟ ಮೇಲೆ ಜೊತೆಗೆ ಮರಳಿದೆವು. ಅವರ ಮನೆ ಬಂದಾಗ ನಾನು ಅಭ್ಯಾಸದಂತೆ ಕಿಟಕಿಯ ಕಡೆ ತಿರುಗಿದೆ.

"ಅಲ್ಲ್ಯಾಕ ಹೊಂಟಿ? ಒಳಗ ಬಾ."

ಒಳಗಿಂದ ಅತ್ತೆ ಯಾರದು ಎಂದು ಕೇಳಿದರು. "ನಮ್ಮ ಹುಡುಗಿ ಅದಾಳ್ರಿ," ಎಂದರು ಕಾಕು. ಶಾಲೆಯಲ್ಲಿ ಅಷ್ಟು ಗುಡುಗಿದವರ ದನಿ ಇಲ್ಲಿ ನಡುಗುತ್ತಿತ್ತು. ಆದರೂ ನನ್ನ ಕೈ ಬಿಡಲಿಲ್ಲ.

ಮರುವರ್ಷ ನಾವು ಬೇರೆ ಸೈಟಿಗೆ ಹೋದೆವು. ನಾನು ಶಾಲೆ ಬಿಡಲಿಲ್ಲ. ಓದಿ ಚಾಕಣದ ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ. ಹೋಗಬೇಕು, ಕಾಕುವನ್ನು ನೋಡಬೇಕು ಎನ್ನುತ್ತಲೇ ವರ್ಷಗಳು ಕಳೆದವು... ಗುಜರಿ ಅಂಗಡಿಯಿಂದ ಅಂದು ನೇರ ಅವರ ಮನೆಗೇ ಹೋದೆ. ಕಾಕು ತೀರಿಕೊಂಡು ಎರಡು ವರ್ಷವಾಯಿತಂತೆ. ಬಾಗಿಲು ತೆರೆದ ಸೊಸೆಗೆ ನಾನು ಯಾರೆಂಬುದೂ ಗೊತ್ತಿರಲಿಲ್ಲ. ಹೆಸರೂ ಕೇಳದೆ, ಬಿಸಿಲು ಭಾಳ ಅದ, ಒಳಗ ಬರ್ರಿ ಎಂದಳು. ಅಷ್ಟು ಸಲೀಸಾಗಿ ಆಡಿದ ಆ ಮಾತಿಗೆ ನಾನು ಬಾಗಿಲಲ್ಲೇ ನಿಂತು ಗಳಗಳನೆ ಅತ್ತುಬಿಟ್ಟೆ.