ಹನ್ನೊಂದು ದಿನದ ಸೂತಕ

ಎಂಬತ್ತರ ದಶಕದಲ್ಲಿ ಬನಶಂಕರಿಯ ಒಂದು ಮನೆಯ ಮಹಡಿಯಲ್ಲಿ ನಾವಿಬ್ಬರು ಗಂಡಸರು ಆರು ವರ್ಷ ಸಂಸಾರ ಮಾಡಿದೆವು. ಬಾಡಿಗೆಗೆ ಮನೆ ಸಿಗಲೆಂದು ಓನರ್ ಅಮ್ಮನಿಗೆ ಅವನನ್ನು ನಮ್ಮ ದೊಡ್ಡಪ್ಪನ ಮಗ ಎಂದಿದ್ದೆ. ನಮ್ಮ ವಂಶಕ್ಕೇ ಮೊದಲ ಬಿ.ಎ. ನಾನು. ಓದಿದವನೆಂದು ನನ್ನ ಮಾತನ್ನು ಅವರು ಅನುಮಾನಿಸಲಿಲ್ಲ.

ಅವನು ಕಾಮಾಲೆಯಾಗಿ ತೀರಿಕೊಂಡ. ಆಸ್ಪತ್ರೆಗೆ ಬಂದ ಅವನ ಅಣ್ಣಂದಿರು, "ರೂಮಲ್ಲಿ ಜೊತೆಗಿದ್ದೋರಾ? ತುಂಬಾ ಉಪಕಾರ ಆಯ್ತು ಸಾರ್," ಎಂದು ನನಗೆ ಕೈಮುಗಿದರು. ಹೆಣವನ್ನು ವ್ಯಾನಿನಲ್ಲಿ ಮಲಗಿಸಿಕೊಂಡು ಊರಿಗೆ ಹೊರಟರು. ನನ್ನನ್ನು ಬನ್ನಿ ಎನ್ನಲಿಲ್ಲ.

ಮನೆಗೆ ಬಂದು ಮೆಟ್ಟಿಲ ಮೇಲೆ ಕೂತೆ.

"ಮಣ್ಣಿಗೆ ಹೋಗ್ಲಿಲ್ವೇನಪ್ಪಾ?" ಎಂದರು ಓನರ್ ಅಮ್ಮ.

"ವ್ಯಾನಲ್ಲಿ ಜಾಗ ಇರ್ಲಿಲ್ಲಮ್ಮ."

"ಇಲ್ಲೇ ತಲೆಗೆ ನೀರು ಹಾಕ್ಕೋ. ನಿಂಗೆ ಹನ್ನೊಂದು ದಿನ ಸೂತಕ. ಒಲೆ ಹಚ್ಬೇಡ, ಊಟ ನಾನು ತರ್ತೀನಿ. ಅಳು ಬಂದ್ರೆ ಅತ್ಬಿಡು."

ಅಷ್ಟೂ ದಿನ ಅತ್ತೆ. ಯಾಕೆಂದು ಯಾರೂ ಕೇಳಲಿಲ್ಲ. ಕೊನೆಯ ದಿನ ಅವರೇ, "ಅವ್ನು ದೊಡ್ಡೋನು, ನೀನು ಚಿಕ್ಕೋನು. ತಲೆ ಬೋಳಿಸ್ಕೊಂಡು ಬಾ," ಎಂದು ಕಳಿಸಿದರು. ಕ್ಷೌರದಂಗಡಿಯಲ್ಲಿ ಮೊದಲ ಕೂದಲು ಮಡಿಲಿಗೆ ಬಿದ್ದಾಗ, ಅವನಿಗಾಗಿ ನಾಲ್ಕು ಜನರೆದುರು ಇದೊಂದನ್ನಾದರೂ ಮಾಡಿದೆನಲ್ಲ ಅನ್ನಿಸಿತು.

ಮರುದಿನ ಆಫೀಸಿನಲ್ಲಿ ಪಕ್ಕದ ಮೇಜಿನವನು ನನ್ನ ಬೋಳುತಲೆ ಸವರಿದ. "ಏನ್ ಗುರು, ತಿರುಪತಿನಾ? ಲಡ್ಡು ಎಲ್ಲಿ?" ಅವನು ನಮ್ಮೂರಿನವನೇ, ನನಗೆ ದೊಡ್ಡಪ್ಪನೇ ಇಲ್ಲವೆಂದು ಬಲ್ಲವನು.

"ತರೋದು ಮರ್ತೆ ಮಗಾ," ಎಂದು ನಕ್ಕು, ಫೈಲು ಬಿಚ್ಚಿದೆ.